ಎದುರು ಬಂದ ಅಜ್ಜಿ

ನಶ್ಯದ ಘಾಟು ಮೂಗಿಗೆ ಬಡಿದರೆ ಈಗಲೂ ವೆಸ್ಟ್ ಮಾಂಬಲಂನ ನಮ್ಮ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ನಾನು ಶಾಲೆಯ ಇಂಗ್ಲಿಷ್ ಸ್ಪರ್ಧೆಗೆ ಹೊರಟಿದ್ದೆ. ಹೊರಡುವವರಿಗೆ ವಿಧವೆ ಎದುರಾಗಬಾರದೆಂದು ಅಜ್ಜಿ ಎಂದಿನಂತೆ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಅಲ್ಲಿಂದಲೇ ಜೋರಾಗಿ ಸೀನಿದಳು.

"ಒಂಟಿ ಸೀನು! ಕೂತು ನೀರು ಕುಡಿದು ಹೋಗು," ಎಂದಳು ಅಮ್ಮ.

ನಾನು ಕೂರಲಿಲ್ಲ. ಅಜ್ಜಿಯ ಕೈ ಹಿಡಿದು ಹೊಸ್ತಿಲವರೆಗೂ ಎಳೆದು ತಂದೆ.

"ಬೇಡ ಕಣೇ, ನಾನು ಎದುರು ಬರಬಾರ್ದು," ಎಂದಳು, ನಶ್ಯ ಮೆತ್ತಿದ ಬೆರಳನ್ನು ಸೆರಗಿಗೆ ಒರೆಸುತ್ತ.

"ಸುಮ್ಮಾ ನಿಲ್ಲಜ್ಜಿ!" ಎಂದು ಅವಳ ಮುಖ ನೋಡಿಯೇ ಮೆಟ್ಟಿಲಿಳಿದೆ.

ಕೊನೆಯ ಸುತ್ತಿನಲ್ಲಿ ನನಗೆ ಬಂದ ಪದ 'ಓಮನ್'. ಅರ್ಥ ಹೇಳಿ ವಾಕ್ಯದಲ್ಲಿ ಬಳಸಬೇಕಿತ್ತು. ಮುಂದಾಗುವುದನ್ನು ಮೊದಲೇ ತೋರಿಸುವ ಗುರುತು, ಅದು ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು ಎಂದು ವಿವರಿಸಿದೆ. ಆಮೇಲೆ ಇಡೀ ಸಭಾಂಗಣಕ್ಕೆ ಕೇಳುವಂತೆ ಹೇಳಿದೆ: "ಮೈ ಗ್ರ್ಯಾಂಡ್‌ಮದರ್ ಈಸ್ ಎ ಗುಡ್ ಓಮನ್."

ಗೆದ್ದ ಕಪ್ಪನ್ನು ಅಜ್ಜಿಯ ಮಡಿಲಿಗೇ ಹಾಕಿ, ಹೇಳಿದ ವಾಕ್ಯವನ್ನೂ ಅರ್ಥ ಸಮೇತ ಒಪ್ಪಿಸಿದೆ. ಅವಳು ಡಬ್ಬಿ ತೆರೆದು ಎರಡು ಚಿಟಿಕೆ ನಶ್ಯ ಏರಿಸಿದಳು.

ಮುಂದೆ ನಾನು ಪರೀಕ್ಷೆಗೆ ಹೊರಟ ದಿನ ಅಮ್ಮನೇ ಅಡುಗೆಮನೆಯತ್ತ ಕೂಗಿದಳು:

"ಅತ್ತೇ, ಮಗು ಹೊರಟ್ಳು, ಬೇಗ ಎದುರಿಗೆ ಬನ್ನಿ!"