ಮೊದಲ ಶೇವಿಂಗ್

ಬೆಳಿಗ್ಗೆ ಆರೂವರೆಗೆ ಪ್ರಭುವಿನ ಮೊದಲ ಶೇವಿಂಗ್ ಶುರುವಾಯಿತು. ಆಟಿಸಂ ಇರುವ ಹದಿನಾರರ ಹುಡುಗ. ಮುಖಕ್ಕೆ ಏನೇ ತಾಗಿದರೂ ಅವನಿಗೆ ಆಗದು. ಗಡ್ಡ ಬಿಟ್ಟುಕೊಂಡು ಮಂಟಪಕ್ಕೆ ಬರಕೂಡದೆಂದು ಮದುಮಗಳಾದ ಅಕ್ಕ ಬೇರೆ ಹೇಳಿಬಿಟ್ಟಿದ್ದಳು.

ಅಪ್ಪ ವೀರಭದ್ರಪ್ಪ ಕನ್ನಡಿಯ ಮುಂದೆ ತಮ್ಮ ಕೆನ್ನೆ ಬೋಳಿಸಿ ತೋರಿಸಿದರು. "ನೋಡು ಮರಿ, ನೋವೇ ಇಲ್ಲ."

ಮಗ ಅವರ ಹುರಿಮೀಸೆಯತ್ತ ಬೆರಳು ಮಾಡಿದ. "ಅಲ್ಲಿ?"

"ಇದು ಗಂಡಸಿನ ಮೀಸೆ ಕಣೋ. ತೆಗೀಬಾರದು."

"ಅಲ್ಲಿ ನೋವಾಗುತ್ತೆ. ಅದಕ್ಕೇ ನೀನು ತೆಗೀತಿಲ್ಲ."

ಬಾಗಿಲಲ್ಲಿ ಮದುಮಗಳು ಕಿಸಕ್ಕನೆ ನಕ್ಕಳು. ಇಪ್ಪತ್ತು ವರ್ಷ ಸಾಕಿದ ಮೀಸೆಯನ್ನು ವೀರಭದ್ರಪ್ಪ ಕಣ್ಣು ಮುಚ್ಚಿ ಬೋಳಿಸಿಯೇಬಿಟ್ಟರು.

ಪ್ರಭುವಿಗೆ ನಂಬಿಕೆ ಬಂತು. ತನ್ನ ಕೆನ್ನೆ, ಗಲ್ಲ ನಯವಾಗಿ ಬೋಳಿಸಿ, ರೇಜರ್ ತೊಳೆದಿಟ್ಟ.

"ಮೂಗಿನ ಕೆಳಗೆ ಉಳಿಯಿತಲ್ಲೋ?"

"ಇದು ಗಂಡಸಿನ ಮೀಸೆ ಅಪ್ಪ. ತೆಗೀಬಾರದು."

ಮದುವೆಯ ಫೋಟೋದಲ್ಲಿ ಅಪ್ಪ, ಮಗ ಇಬ್ಬರಲ್ಲಿ ಮೀಸೆ ಇರುವುದು ಮಗನಿಗೆ.