ಒಂದು ಲೋಟ ನೀರು

ಏಟು ತಿನ್ನುವ ಹೆಂಗಸಿನ ಕೂಗು ಕೇಳಲಾರದೆ ಅಕ್ಕಪಕ್ಕದವರು ದೂರು ಕೊಟ್ಟರು. ಪೊಲೀಸರು ಗಂಡ ಹೆಂಡತಿಯನ್ನು ಕೌನ್ಸೆಲಿಂಗಿಗೆ ಕಳಿಸಿದರು. ಸಿಟ್ಟು ಬಂದ ಕೂಡಲೇ ಕೈ ಎತ್ತಬೇಡಿ, ಕೂತು ಒಂದು ಲೋಟ ನೀರು ನಿಧಾನವಾಗಿ ಕುಡಿಯಿರಿ ಎಂದು ಕೌನ್ಸೆಲರ್ ಗಂಡನಿಗೆ ಹೇಳಿಕೊಟ್ಟರು.

ತಿಂಗಳು ಕಳೆದರೂ ಮತ್ತೆ ದೂರು ಬರಲಿಲ್ಲ. ಕೌನ್ಸೆಲರ್ ಗಂಡನನ್ನು ಹೊರಗೆ ಕೂರಿಸಿ ಹೆಂಡತಿಯನ್ನು ಕೇಳಿದರು.

“ನೀರು ಕುಡೀತಾರಾ?”

“ಒಂದು ದಿನಾನೂ ತಪ್ಪಿಸಿಲ್ಲ ಮೇಡಂ. ನಾನೇ ತಂದು ಕೊಡ್ತೀನಿ.”

“ನೋಡಿ, ಅಕ್ಕಪಕ್ಕದವರೂ ಈಗ ಗಲಾಟೆನೇ ಇಲ್ಲ ಅಂತಾರೆ.”

“ಹೌದು ಮೇಡಂ, ನಿಮ್ಮಿಂದ ನಮ್ಮ ಮಾನ ಉಳೀತು. ಅವರು ಕುಡಿದು ಲೋಟ ಕೆಳಗಿಡೋದ್ರೊಳಗೆ ನಾನು ಕಿಟಕಿಗಳನ್ನೆಲ್ಲ ಮುಚ್ಚಿ, ಟೀವಿ ಜೋರು ಮಾಡಿ, ಬಂದು ನಿಂತಿರ್ತೀನಿ.”