ಜೀವಕೋಶದ ಕಿವಿ

“ಹೋಯ್, ಕೇಳ್ತಾ? ಶಿರಾ ಮುಟ್ಬೇಡಿ!”

ಮೇಲಿನ ಮನೆಯ ಗ್ಯಾಲರಿಯಿಂದ ಬಗ್ಗಿ ಜಯಲತಾ ಕೂಗಿದ್ದು ಬೆಳಿಗ್ಗೆಯಿಂದ ಇದು ಒಂಬತ್ತನೆಯ ಸಲ. ಕೆಳಗೆ ಅವರದೇ ಹೋಟೆಲು. ಒಲೆಯಿಂದ ರವೆ-ಸಕ್ಕರೆಯ ಶಿರಾ ಇಳಿದ ವಾಸನೆ ಬಂದರೆ ಸಾಕು, ಅವಳು ಕೂಗುವುದೇ. ಡೊಂಬಿವಲಿ ಸ್ಟೇಷನ್ನಿಗೆ ಓಡುತ್ತಿದ್ದವರು ಕೂಡ ತಲೆಯೆತ್ತಿ ನೋಡಿ ನಕ್ಕರು. ಗಲ್ಲಾದಲ್ಲಿ ಕುಳಿತಿದ್ದ ಗಂಡ ಯಜ್ಞೇಶ್ವರನಿಗೆ ಮಾತ್ರ ಎಮ್ಮೆಯ ಮೇಲೆ ಮಳೆ ಸುರಿದ ಹಾಗೆ. ಚಮಚ ನೆಟ್ಟಗೆ ಬಾಯಿಗೆ ಹೋಯಿತು.

ಸಕ್ಕರೆ ಕಾಯಿಲೆ ಬಂದು ಆರು ವರ್ಷ. ಎಡಗಾಲಿನ ಹೆಬ್ಬೆರಳ ಗಾಯ ಎರಡು ತಿಂಗಳಾದರೂ ಒಣಗಿರಲಿಲ್ಲ. ಹೀಗೇ ತಿನ್ನುತ್ತಿದ್ದರೆ ಬೆರಳನ್ನೇ ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು.

ಆ ಸಂಜೆ ಜಯಲತಾ ಮಗಳ ಮುಂದೆ ಅತ್ತೇಬಿಟ್ಟಳು. ಮಗಳು ವಿನೋದಾ ಮುಂಬಯಿಯಲ್ಲಿ ಜೀವರಸಾಯನ ಓದುತ್ತಿದ್ದಳು. ಲೋಕಲ್ ರೈಲಿನಲ್ಲಿ ನಿಂತೇ ಬಂದು ಆಗಷ್ಟೇ ಚಪ್ಪಲಿ ಬಿಟ್ಟಿದ್ದಳು.

“ಅರೇ ಅಮ್ಮ, ನೀನೂ ಇನ್ಸುಲಿನ್ ಥರಾನೇ. ಜೀವಕೋಶದ ಮೈಮೇಲೆ ಇನ್ಸುಲಿನ್ ಕರೆದದ್ದು ಕೇಳ್ಲಿಕ್ಕೆ ಪ್ರೋಟೀನಿನ ಕಿವಿಗಳಿರ್ತಾವೆ. ಅದು ಜಾಸ್ತಿಯಾಗಿ ಒಂದೇ ಸಮ ಕರೀತಾ ಇದ್ರೆ ಕೋಶ ಏನ್ಮಾಡ್ತದೆ ಗೊತ್ತುಂಟಾ? ಆ ಕಿವಿಗಳನ್ನ ಒಳಗೆ ಎಳ್ಕೊಂಡು ಪುಡಿ ಮಾಡಿಬಿಡ್ತದೆ.”

“ಅಯ್ಯೋ, ತನ್ನ ಕಿವಿಯನ್ನೇ?”

“ಎಲ್ಲ ಅಲ್ಲ, ಸುಮಾರು. ಕರೆ ಕಮ್ಮಿ ಆದ್ರೆ ಹೊಸ ಕಿವಿ ಮಾಡಿ ಮತ್ತೆ ಹೊರಗಿಡ್ತದೆ.”

“ಅದಕ್ಕೆ ಎಷ್ಟು ದಿವಸ ಬೇಕು?”

“ಲ್ಯಾಬಲ್ಲಿ ಒಂದು ದಿವಸ. ಬಸ್, ಅಷ್ಟೇ.”

ಜಯಲತಾ ಕಣ್ಣೊರೆಸಿಕೊಂಡಳು. “ನಿನ್ನ ಅಪ್ಪಯ್ಯನಿಗೆ ನಾಲ್ಕಾದ್ರೂ ಬೇಕು.”

ಮರುದಿನದಿಂದ ಗ್ಯಾಲರಿಯಲ್ಲಿ ಸದ್ದಿಲ್ಲ. ಪಥ್ಯ ಗಂಡನಿಗೆ, ಬಾಯಿ ಕಟ್ಟಿದ್ದು ಹೆಂಡತಿ. ಮೊದಲ ದಿನ ಯಜ್ಞೇಶ್ವರ ನಿರಾಳವಾಗಿ ಎರಡು ತಟ್ಟೆ ಶಿರಾ ತಿಂದ. ಮೇಲೆ ಜಯಲತಾ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು. ಸುಮ್ಮನಿರುವುದು ಇಷ್ಟು ಕಷ್ಟ ಎಂದು ಅವಳಿಗೆ ಗೊತ್ತಿರಲಿಲ್ಲ. ಎರಡನೆಯ ದಿನ ಅವನು ಒಂದೇ ತಟ್ಟೆ ತಿಂದ, ತಿನ್ನುವಾಗ ನಾಲ್ಕು ಸಲ ಎದ್ದು ಬಾಗಿಲಿಗೆ ಹೋಗಿ ಮೇಲೆ ನೋಡಿದ. ಮೂರನೆಯ ದಿನ ಗಿರಾಕಿಯೊಬ್ಬರು, “ಏನ್ ಶೇಟ್, ಮೇಲೆ ಸದ್ದೇ ಇಲ್ಲ, ವಹಿನಿ ಊರಿಗೆ ಹೋದ್ರಾ?” ಎಂದು ಕೇಳಿದರು.

ನಾಲ್ಕನೆಯ ದಿನ ಮಧ್ಯಾಹ್ನ ಶಿರಾದ ತಟ್ಟೆ ಹಿಡಿದು, ಕುಂಟುತ್ತ ಮೆಟ್ಟಿಲು ಹತ್ತಿ ಮನೆಗೇ ಬಂದ. ಬೀನ್ಸಿನ ನಾರು ತೆಗೆಯುತ್ತಿದ್ದ ಹೆಂಡತಿಯ ಎದುರು ಕುಳಿತು ಚಮಚ ತುಂಬಿಸಿದ.

“ತಿಂತಾ ಇದ್ದೇನೆ.”

ಅವಳು ಇನ್ನೊಂದು ಬೀನ್ಸ್ ತೆಗೆದುಕೊಂಡಳು.

“ತಿಂತೇನೆ ಅಂದೆ. ಕೇಳ್ತಾ?”

ಅವಳ ಕೈ ನಿಂತಿತು.

ಅವನು ಚಮಚವನ್ನು ತಟ್ಟೆಗೆ ಇಳಿಸಿದ. “ಎಂತ ಮಾರಾಯ್ತಿ... ಡಾಕ್ಟರು ನಿನ್ನ ಹತ್ರ ಬೇರೆ ಏನಾದ್ರೂ ಹೇಳಿದ್ರಾ? ಇನ್ನು ಹೇಳಿ ಪ್ರಯೋಜನ ಇಲ್ಲ ಅಂತ ಬಿಟ್ಟೆಯಾ?”

ಜಯಲತಾಳ ಕಣ್ಣು ತುಂಬಿತು. ಇಷ್ಟು ದಿನ ನುಂಗಿಕೊಂಡ ಮಾತುಗಳೆಲ್ಲ ಒಟ್ಟಿಗೇ ಗಂಟಲಿಗೆ ಬಂದವು. ಎಲ್ಲವನ್ನೂ ತಡೆದು ಒಂದನ್ನು ಮಾತ್ರ ಹೊರಗೆ ಬಿಟ್ಟಳು, ಅದೂ ಪಿಸುದನಿಯಲ್ಲಿ.

“ಬೇಡ.”

ಯಜ್ಞೇಶ್ವರ ತಟ್ಟೆಯನ್ನು ಕೆಳಗಿಟ್ಟು ದೂರ ಸರಿಸಿದ. ಗಾಯದ ಕಾಲನ್ನು ಚಾಚಿಕೊಂಡು, ಅವಳ ಬುಟ್ಟಿಯಿಂದ ಒಂದು ಬೀನ್ಸ್ ತೆಗೆದು ನಾರು ಎಳೆಯತೊಡಗಿದ. ಬುಟ್ಟಿ ಅರ್ಧ ಖಾಲಿಯಾದ ಮೇಲೆ, ಅವಳ ಮುಖ ನೋಡದೆ ಹೇಳಿದ:

“ಇಷ್ಟು ಮೆತ್ತಗೆ ಹೇಳಿದ್ರೂ ನಂಗೆ ಕೇಳ್ತದೆ. ಒಂದೇ ಸಲ ಸಾಕು. ಆದ್ರೆ ದಿನಾ ಹೇಳು.”